ಗಣಿತದ ಪ್ರಶ್ನೆಗೆ ಪೂರ್ತಿ ಬಿಡಿಸಿ ಕೊಡಬೇಕೇ, ಮುಂದಿನ ಸಾಲು ಮಾತ್ರ ತೋರಿಸಬೇಕೇ?

ಎಂ.ಎಸ್ಸಿ. ಗಣಿತ ವಿದ್ಯಾರ್ಥಿನಿ, ಬೆಂಗಳೂರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಗಣಿತದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ತರಗತಿ ಮುಗಿಸಿ ಹಾಸ್ಟೆಲಿಗೆ ಬಂದ ಮೇಲೆ, ಪಿಯುಸಿ ಮತ್ತು ಬಿ.ಎಸ್ಸಿ. ಓದುತ್ತಿರುವವರು ಆನ್‌ಲೈನಿನಲ್ಲಿ ಕೇಳುವ ಗಣಿತದ ಪ್ರಶ್ನೆಗಳಿಗೆ ಉತ್ತರ ಬರೆಯುವ ರೂಢಿ ಇಟ್ಟುಕೊಂಡಿದ್ದೇನೆ. ಕೇಳುವವರಲ್ಲಿ ಹೆಚ್ಚಿನವರು ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ವಿಜ್ಞಾನ ವಿಭಾಗಕ್ಕೆ ಸೇರಿದ ಕೂಡಲೇ ಎಲ್ಲವನ್ನೂ ಇಂಗ್ಲಿಷಿನಲ್ಲಿ ಎದುರಿಸಬೇಕಾಗಿ ಬಂದವರು. ತರಗತಿಯಲ್ಲಿ ಎದ್ದು ನಿಂತು ಕೇಳಲು ಹಿಂಜರಿಯುವುದನ್ನು ಅವರು ರಾತ್ರಿ ಕನ್ನಡದಲ್ಲಿ ಬರೆದು ಕೇಳುತ್ತಾರೆ. ಈ ಕೆಲಸ ನನಗೆ ತುಂಬಾ ಇಷ್ಟ. ಮುಂದೆ ಅಧ್ಯಾಪಕಿಯಾಗಬೇಕೆಂಬ ಆಸೆಗೆ ಇದೂ ಒಂದು ಕಾರಣ.

ಆದರೆ ಉತ್ತರವನ್ನು ಎಲ್ಲಿಯವರೆಗೆ ಬರೆಯಬೇಕು ಎಂಬ ವಿಷಯದಲ್ಲಿ ಮಾತ್ರ ನನಗೆ ಇನ್ನೂ ಒಂದು ತೀರ್ಮಾನಕ್ಕೆ ಬರಲು ಸಾಧ್ಯವಾಗಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಪ್ರಥಮ ಪಿಯುಸಿಯ ಹುಡುಗನೊಬ್ಬ √(ಎಕ್ಸ್ + 2) = ಎಕ್ಸ್ ಎಂಬ ಸಮೀಕರಣವನ್ನು ಕಳುಹಿಸಿದ್ದಾನೆ. ಎರಡೂ ಬದಿಗಳನ್ನು ವರ್ಗ ಮಾಡಿ, ಎಕ್ಸ್² − ಎಕ್ಸ್ − 2 = 0 ಎಂದು ಬರೆದು, ಅಪವರ್ತಿಸಿ, 2 ಮತ್ತು −1 ಎಂಬ ಎರಡು ಬೆಲೆಗಳನ್ನು ಪಡೆದಿದ್ದಾನೆ. ಅವನ ಪುಸ್ತಕದ ಹಿಂಬದಿಯಲ್ಲಿರುವ ಉತ್ತರ 2 ಮಾತ್ರ. −1 ಅನ್ನು ಆದೇಶಿಸಿದರೆ, ಅಂದರೆ ಎಕ್ಸ್‌ನ ಜಾಗದಲ್ಲಿ ಇಟ್ಟು ನೋಡಿದರೆ, ಎಡಬದಿ 1 ಆಗುತ್ತದೆ, ಬಲಬದಿ −1 ಆಗುತ್ತದೆ, ಆದ್ದರಿಂದ ಅದನ್ನು ಬಿಡಬೇಕು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ಅಷ್ಟನ್ನು ಅವನೂ ಮಾಡಿ ನೋಡಿದ್ದಾನೆ. ಅವನು ಕೇಳಿರುವುದು ಬೇರೆ: “ಅಕ್ಕ, ನಾನು ಬರೆದ ಸಾಲುಗಳಲ್ಲಿ ಯಾವ ಸಾಲು ತಪ್ಪು? ಯಾವುದೂ ತಪ್ಪಿಲ್ಲದಿದ್ದರೆ ತಪ್ಪು ಉತ್ತರ ಎಲ್ಲಿಂದ ಬಂತು?”

ಇದಕ್ಕೆ ಇಡೀ ಪುಟ ಬರೆಯಬೇಕು ಎಂದು ನನ್ನ ಮನಸ್ಸು ಹೇಳುತ್ತದೆ. ನನ್ನ ಜೊತೆಯಲ್ಲಿ ಉತ್ತರ ಬರೆಯುವ ಸ್ನೇಹಿತರ ಅಭಿಪ್ರಾಯ ಹಾಗಿಲ್ಲ. ಪೂರ್ತಿ ಬರೆದುಕೊಟ್ಟರೆ ಮಕ್ಕಳು ಯೋಚಿಸುವುದನ್ನೇ ಬಿಡುತ್ತಾರೆ, ಒಂದು ಸುಳಿವು ಕೊಟ್ಟು ನಿಲ್ಲಿಸಬೇಕು ಎನ್ನುತ್ತಾರೆ. ಅವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಏಕೆಂದರೆ ಇದೇ ಹೊತ್ತಿನಲ್ಲಿ ಮತ್ತೊಬ್ಬರು ಅಭ್ಯಾಸದ ಪುಟವೊಂದರ ಫೋಟೊ ಕಳುಹಿಸಿ, ನಾಳೆ ಅಸೈನ್‌ಮೆಂಟ್ ಒಪ್ಪಿಸಬೇಕು, ಎಲ್ಲವನ್ನೂ ಬಿಡಿಸಿಕೊಡಿ ಎನ್ನುತ್ತಾರೆ. ಈಗ ಲಿಖಿತ ಪರೀಕ್ಷೆಯ 80 ಅಂಕಗಳ ಜೊತೆಗೆ ಆಂತರಿಕ ಮೌಲ್ಯಮಾಪನಕ್ಕೆ 20 ಅಂಕಗಳಿರುವುದರಿಂದ ಆ ಒತ್ತಡವೂ ನಿಜವಾದದ್ದೇ. ಇನ್ನು ಕೆಸಿಇಟಿ ಪ್ರವೇಶ ಪರೀಕ್ಷೆಗೆ ಓದುವವರಿಗೆ ಬೇಕಾಗಿರುವುದು ಶಾರ್ಟ್‌ಕಟ್. ಬಿ.ಎಸ್ಸಿ. ಮೊದಲ ಸೆಮಿಸ್ಟರಿನ ವಿದ್ಯಾರ್ಥಿನಿಯೊಬ್ಬಳು, ಒಂದು ಸಂಖ್ಯೆಗೆ ಸತ್ಯವೆಂದು ಭಾವಿಸಿ ಅದರ ಮುಂದಿನ ಸಂಖ್ಯೆಗೂ ಸತ್ಯವೆಂದು ತೋರಿಸುವ ಗಣಿತೀಯ ಅನುಗಮನದ ಬಗ್ಗೆ, “ಸಾಧಿಸಬೇಕಾದುದನ್ನೇ ಮೊದಲು ಒಪ್ಪಿಕೊಂಡುಬಿಟ್ಟರೆ ಅದು ಸಾಧನೆ ಹೇಗಾಗುತ್ತದೆ?” ಎಂದು ಕೇಳಿದ್ದಾಳೆ. ಇವರೆಲ್ಲರಿಗೂ ಒಂದೇ ಅಳತೆಯಲ್ಲಿ ಉತ್ತರ ಕೊಡುವುದು ಸರಿಯಲ್ಲ ಎಂದು ನನಗೆ ತೋರುತ್ತದೆ. ಆದರೆ ಅಳತೆಯನ್ನು ನಿರ್ಧರಿಸುವುದು ಹೇಗೆ? ಬೋಧನೆಯ ಅನುಭವವಿರುವವರು ಮತ್ತು ಹೀಗೆ ಪ್ರಶ್ನೆ ಕೇಳಿ ಕಲಿತವರು ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇನೆ.

ನಿವೃತ್ತ ಪಿಯು ಉಪನ್ಯಾಸಕ, ಬಸವನಗುಡಿ

ಆ ಹುಡುಗನ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಹೇಳಬೇಕಾದದ್ದು ಏನು ಎಂಬುದು ಖಚಿತವಾಗದೆ, ಎಷ್ಟು ಹೇಳಬೇಕು ಎಂಬುದನ್ನು ನಿರ್ಧರಿಸಲಾಗದು.

ಅವನು ಬರೆದ ಸಾಲುಗಳಲ್ಲಿ ಒಂದೂ ತಪ್ಪಿಲ್ಲ. ಆ ಸಾಲುಗಳಿಂದ ಏನು ಸಾಧಿತವಾಯಿತು ಎಂದು ಅವನು ತಿಳಿದುಕೊಂಡಿದ್ದಾನೋ ಅಲ್ಲಿ ತೊಡಕಿದೆ. ಮೊದಲನೆಯ ಸಾಲು ನಿಜವಾದರೆ ಎರಡನೆಯದು ನಿಜ, ಎರಡನೆಯದು ನಿಜವಾದರೆ ಮೂರನೆಯದು ನಿಜ ಎಂದು ಅವನು ಮೇಲಿನಿಂದ ಕೆಳಗೆ ಬಂದಿದ್ದಾನೆ. ಅದರಿಂದ ಸಿದ್ಧವಾಗುವುದು ಇಷ್ಟೇ: ಈ ಸಮೀಕರಣಕ್ಕೆ ಮೂಲವೇನಾದರೂ, ಅಂದರೆ ಅದನ್ನು ಸರಿಹೊಂದಿಸುವ ಬೆಲೆಯೇನಾದರೂ, ಇದ್ದರೆ ಅದು 2 ಅಥವಾ −1 ಆಗಿರಬೇಕು, ಬೇರೆ ಯಾವ ಸಂಖ್ಯೆಯೂ ಆಗಲಾರದು. ಇವೆರಡೂ ಮೂಲಗಳೇ ಎಂದು ಹೇಳಬೇಕಾದರೆ ಕೆಳಗಿನಿಂದ ಮೇಲಕ್ಕೂ ಹೋಗಲು ಬರಬೇಕು. ವರ್ಗ ಮಾಡಿದ ಸಾಲಿನಿಂದ ಹಿಂದಿನ ಸಾಲಿಗೆ ಹೋಗುವ ದಾರಿ ಯಾವಾಗಲೂ ತೆರೆದಿರುವುದಿಲ್ಲ. ಎರಡು ಸಂಖ್ಯೆಗಳ ವರ್ಗಗಳು ಸಮವಾಗಿದ್ದ ಮಾತ್ರಕ್ಕೆ ಆ ಸಂಖ್ಯೆಗಳು ಸಮವಾಗಬೇಕಿಲ್ಲ, ಒಂದು ಇನ್ನೊಂದರ ಋಣವೂ ಆಗಿರಬಹುದು.

−1 ಎಲ್ಲಿಂದ ಬಂತು ಎಂಬ ಅವನ ಎರಡನೆಯ ಪ್ರಶ್ನೆಗೂ ನೇರವಾದ ಉತ್ತರವಿದೆ. −√(ಎಕ್ಸ್ + 2) = ಎಕ್ಸ್ ಎಂಬ ಇನ್ನೊಂದು ಸಮೀಕರಣವನ್ನು ಬರೆದು ವರ್ಗ ಮಾಡಲು ಹೇಳಿ. ಅದೇ ಎಕ್ಸ್² − ಎಕ್ಸ್ − 2 = 0 ಸಿಗುತ್ತದೆ. ಅಂದರೆ ವರ್ಗ ಮಾಡಿದ ಕ್ಷಣದಲ್ಲಿ ಎರಡು ಬೇರೆ ಬೇರೆ ಸಮೀಕರಣಗಳು ಒಂದಾಗಿಬಿಟ್ಟವು, ಮತ್ತು −1 ಆ ಎರಡನೆಯ ಸಮೀಕರಣದ ನಿಜವಾದ ಮೂಲ. ಇದನ್ನು ಕಂಡಾಗ ಮಕ್ಕಳ ಮುಖ ಅರಳುವುದನ್ನು ತರಗತಿಯಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಕಸವೆಂದು ಎಸೆದ ಸಂಖ್ಯೆಗೂ ಒಂದು ಮನೆಯಿದೆ ಎಂದು ತಿಳಿದರೆ ಅವರಿಗೆ ಗಣಿತದ ಮೇಲೆ ವಿಶ್ವಾಸ ಹುಟ್ಟುತ್ತದೆ.

ಇದಕ್ಕೆ ವಿರುದ್ಧವಾದ ಸಂದರ್ಭವನ್ನೂ ಅವನಿಗೆ ತೋರಿಸಬಹುದು. ಎಕ್ಸ್² = 5ಎಕ್ಸ್ ಎಂಬಲ್ಲಿ ಎರಡೂ ಬದಿಗಳನ್ನು ಎಕ್ಸ್‌ನಿಂದ ಭಾಗಿಸಿ 5 ಎಂದು ಬರೆದು ಮುಗಿಸುವವರು ಬಹಳ ಮಂದಿ. ಅಲ್ಲಿ ಸೊನ್ನೆ ಎಂಬ ಮೂಲ ಕಳೆದುಹೋಗುತ್ತದೆ, ಏಕೆಂದರೆ ಭಾಗಿಸುವಾಗಲೇ ಎಕ್ಸ್ ಸೊನ್ನೆಯಲ್ಲ ಎಂದು ನಾವು ಹೇಳದೆಯೇ ಒಪ್ಪಿಕೊಂಡಿರುತ್ತೇವೆ. ಒಂದು ಕಡೆ ಹೆಚ್ಚುವರಿ ಬೆಲೆ ಬಂದು ಸೇರಿತು, ಇನ್ನೊಂದು ಕಡೆ ಇದ್ದ ಬೆಲೆ ಹೋಯಿತು. ಈ ಎರಡನ್ನೂ ಒಟ್ಟಿಗೆ ನೋಡಿದವನು, ಪ್ರತಿಯೊಂದು ಸಾಲಿನಲ್ಲೂ ‘ಇಲ್ಲಿಂದ ಹಿಂದಕ್ಕೆ ಹೋಗಬಹುದೇ’ ಎಂದು ಕೇಳಿಕೊಳ್ಳುವುದನ್ನು ಕಲಿಯುತ್ತಾನೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಲೆಕ್ಕ ಮಾಡುವ ಕೆಲಸವನ್ನು ಕೇಳಿದವರ ಕೈಯಲ್ಲೇ ಬಿಡಿ, ಆದರೆ ಕಾರಣವನ್ನು ಅವರಿಂದ ಮುಚ್ಚಿಡಬೇಡಿ. ನಿಮ್ಮ ಸ್ನೇಹಿತರು ಇವೆರಡನ್ನೂ ಒಂದೇ ಎಂದು ಎಣಿಸಿ, ಎರಡನ್ನೂ ತಡೆಹಿಡಿಯಬೇಕು ಎನ್ನುತ್ತಿದ್ದಾರೆ ಎಂದು ನನಗೆ ಅನಿಸುತ್ತದೆ. ಅಪವರ್ತಿಸುವುದು, ಆದೇಶಿಸುವುದು, ಕೂಡಿ ಕಳೆಯುವುದು ಅಭ್ಯಾಸದಿಂದ ಬರುವಂಥವು, ಅವುಗಳನ್ನು ನಾವು ಮಾಡಿಕೊಟ್ಟರೆ ಮಗುವಿನ ಅಭ್ಯಾಸವನ್ನು ನಾವು ಕಿತ್ತುಕೊಂಡ ಹಾಗೆ. ಆದರೆ ವರ್ಗ ಮಾಡಿದಾಗ ಹೆಚ್ಚುವರಿ ಬೆಲೆ ಏಕೆ ಬರುತ್ತದೆ ಎಂಬುದು, ಸುಳಿವು ಹಿಡಿದು ಒಂದು ರಾತ್ರಿ ಕುಳಿತರೆ ಎಲ್ಲರಿಗೂ ತಾನಾಗಿ ಹೊಳೆಯುವಂಥದ್ದಲ್ಲ. ಅದನ್ನು ಯಾರಾದರೂ ಒಮ್ಮೆ ಸ್ಪಷ್ಟವಾಗಿ ಹೇಳಿಕೊಡಬೇಕು.

ನಮ್ಮ ಪರೀಕ್ಷಾ ಕ್ರಮದ ಬಗ್ಗೆಯೂ ಒಂದು ಮಾತು ಹೇಳಬೇಕು. ಪಿಯುಸಿ ಮೌಲ್ಯಮಾಪನದಲ್ಲಿ ಹಂತ ಹಂತಕ್ಕೆ ಅಂಕ ಕೊಡುತ್ತೇವೆ. ಅದು ನ್ಯಾಯವಾದ ಪದ್ಧತಿ, ಕೊನೆಯ ಉತ್ತರ ತಪ್ಪಾದರೂ ಮಾಡಿದ ಕೆಲಸಕ್ಕೆ ಬೆಲೆ ಸಿಗುತ್ತದೆ. ಆದರೆ ಇದರಿಂದ ಮಕ್ಕಳು ಪ್ರತಿ ಸಾಲನ್ನೂ ಒಂದು ಅಂಕದ ಜಾಗವೆಂದು ನೋಡುವುದನ್ನು ಕಲಿತುಬಿಡುತ್ತಾರೆ, ಸಾಲಿನಿಂದ ಸಾಲಿಗೆ ಇರುವ ಸಂಬಂಧ ಕಣ್ಣಿನಿಂದ ಮರೆಯಾಗುತ್ತದೆ. ‘ಯಾವ ಸಾಲು ತಪ್ಪು’ ಎಂದು ಕೇಳಿದ ಹುಡುಗ ಆ ಸಂಬಂಧವನ್ನೇ ಹುಡುಕುತ್ತಿದ್ದಾನೆ. ಅವನಿಗೆ ಪುಟವಲ್ಲ, ಎರಡು ಪುಟ ಬರೆಯಿರಿ.

ಬರೆದಾದ ಮೇಲೆ ಅವನಿಗೆ ಅರ್ಥವಾಯಿತೇ ಎಂದು ಕೇಳಬೇಡಿ, ಎಲ್ಲರೂ ಆಯಿತು ಎಂದೇ ಹೇಳುತ್ತಾರೆ. ಅದರ ಬದಲು √(ಎಕ್ಸ್ + 6) = −ಎಕ್ಸ್ ಎಂಬುದನ್ನು ಕೊಡಿ. ವರ್ಗ ಮಾಡಿದರೆ 3 ಮತ್ತು −2 ಬರುತ್ತವೆ. ಇಲ್ಲಿ ಉಳಿಯುವುದು −2, ಬಿಡಬೇಕಾದದ್ದು 3. ಋಣ ಬೆಲೆಯನ್ನು ತೆಗೆದುಹಾಕಬೇಕು ಎಂದಷ್ಟೇ ಬಾಯಿಪಾಠ ಮಾಡಿಕೊಂಡವನು ಇಲ್ಲಿ ಎಡವುತ್ತಾನೆ, ಕಾರಣ ತಿಳಿದವನು ಎಡವುವುದಿಲ್ಲ.

ದ್ವಿತೀಯ ಪಿಯುಸಿ ವಿದ್ಯಾರ್ಥಿ, ಯಲಹಂಕ

ಅಕ್ಕ, ನಾನು ಹೀಗೆ ಪ್ರಶ್ನೆ ಕೇಳುವವರ ಕಡೆಯವನು, ಆದ್ದರಿಂದ ನಮ್ಮ ಕಡೆಯ ಮಾತನ್ನು ತಿಳಿಸಲು ಬರೆಯುತ್ತಿದ್ದೇನೆ.

ಶಾರ್ಟ್‌ಕಟ್ ಕೇಳುವವರೆಲ್ಲ ಸೋಮಾರಿಗಳು ಎಂದು ದಯವಿಟ್ಟು ಭಾವಿಸಬೇಡಿ. ಕೆಸಿಇಟಿಯಲ್ಲಿ ಗಣಿತಕ್ಕೆ 60 ಪ್ರಶ್ನೆಗಳು, 80 ನಿಮಿಷಗಳು. ಒಂದು ಪ್ರಶ್ನೆಗೆ ಸಿಗುವುದು 80 ಸೆಕೆಂಡು, ಅದರಲ್ಲಿಯೇ ಓದಬೇಕು, ಬಿಡಿಸಬೇಕು, ಉತ್ತರ ಪತ್ರಿಕೆಯಲ್ಲಿ ವೃತ್ತ ತುಂಬಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಎಲ್ಲ ಪ್ರಶ್ನೆಗಳನ್ನೂ ಮುಟ್ಟಲೇಬೇಕು ಎಂಬ ಅವಸರ ಇನ್ನೂ ಹೆಚ್ಚು. ನೀವು ಹೇಳಿದ ಸಮೀಕರಣವೇ ಅಲ್ಲಿ ಬಂದರೆ ನಾವು ವರ್ಗ ಮಾಡುವುದೇ ಇಲ್ಲ, ನಾಲ್ಕು ಆಯ್ಕೆಗಳನ್ನು ಒಂದೊಂದಾಗಿ ಆದೇಶಿಸಿ ನೋಡುತ್ತೇವೆ. ಅದು ಮೋಸದ ದಾರಿಯಲ್ಲ ಎಂದು ನನಗೆ ತಿಳಿಸಿಕೊಟ್ಟವರು ನಿಮ್ಮಂತೆಯೇ ಆನ್‌ಲೈನಿನಲ್ಲಿ ಸಹಾಯ ಮಾಡುವ ಒಬ್ಬ ಪದವಿ ವಿದ್ಯಾರ್ಥಿ. ಆದೇಶಿಸಿ ಸರಿಹೋದರೆ ಅದು ಮೂಲ ಎಂಬುದು ಪೂರ್ತಿಯಾಗಿ ಸಾಧಿತವಾಗುತ್ತದೆ, ಬೇರೆ ಮೂಲಗಳಿಲ್ಲ ಎಂಬುದು ಮಾತ್ರ ಸಾಧಿತವಾಗುವುದಿಲ್ಲ, ಆ ಕೆಲಸವನ್ನು ಅಲ್ಲಿ ಪ್ರಶ್ನೆ ಪತ್ರಿಕೆ ತಯಾರಿಸಿದವರು ಮಾಡಿಟ್ಟಿರುತ್ತಾರೆ ಎಂದು ಅವರು ವಿವರಿಸಿದರು. ಸರ್ ಈಗ ಹೇಳಿದ ‘ಮೇಲಿನಿಂದ ಕೆಳಗೆ’ ಎಂಬುದರ ಇನ್ನರ್ಧ ಇದೇ ಅಲ್ಲವೇ ಎಂದು ಓದುವಾಗ ಹೊಳೆಯಿತು. ಶಾರ್ಟ್‌ಕಟ್ ಕೇಳಿದವರಿಗೆ ಶಾರ್ಟ್‌ಕಟ್ಟನ್ನೇ ಕೊಡಿ, ಅದು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದನ್ನೂ ಅದರ ಜೊತೆಯಲ್ಲಿ ಹೇಳಿ.

ಇನ್ನೊಂದು ವಿಷಯ. ಸುಳಿವು ಮಾತ್ರ ಕೊಟ್ಟು ‘ನೀವೇ ಯೋಚಿಸಿ’ ಎಂದು ಬರೆದರೆ, ಕೇಳಿದವರಿಗೆ ಬಾಗಿಲು ಮುಚ್ಚಿದಂತೆ ಅನಿಸುತ್ತದೆ. ನಾವು ಯೋಚಿಸಿಯೇ ಕೇಳಿರುತ್ತೇವೆ, ಎಲ್ಲಿ ನಿಂತೆವು ಎಂದು ಬರೆದು ತಿಳಿಸಲು ಬಾರದೆ ಬರಿಯ ಪ್ರಶ್ನೆಯನ್ನು ಕಳುಹಿಸಿರುತ್ತೇವೆ. ನನಗೆ ಎಲ್ಲಕ್ಕಿಂತ ಉಪಯೋಗವಾಗಿರುವುದು, ನಾನು ಕೇಳಿದ ಲೆಕ್ಕವನ್ನು ಬಿಡಿಸದೆ, ಅದೇ ಜಾತಿಯ ಇನ್ನೊಂದು ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ತೋರಿಸಿದ ಉತ್ತರಗಳು. ಅದನ್ನು ನಕಲು ಮಾಡಿ ಒಪ್ಪಿಸಲು ಆಗುವುದಿಲ್ಲ, ಆದರೆ ದಾರಿ ಪೂರ್ತಿ ಕಾಣಿಸುತ್ತದೆ. ಅಸೈನ್‌ಮೆಂಟಿನ ಹಿಂದಿನ ರಾತ್ರಿ ಕೇಳುವವರಿಗೂ ಇದೇ ಸರಿ ಎಂಬುದು ನನ್ನ ಅಭಿಪ್ರಾಯ.

ಗಣಿತ ಸಂಶೋಧನಾ ವಿದ್ಯಾರ್ಥಿ, ಬೆಂಗಳೂರು

ಉಪನ್ಯಾಸಕರ ಮಾತಿನ ಬಹುಭಾಗವನ್ನು ಒಪ್ಪುತ್ತೇನೆ, ಒಂದು ಅಂಶದಲ್ಲಿ ನನ್ನ ನಿಲುವು ಬೇರೆ. ತರಗತಿಯಲ್ಲಿ ಹೇಳಿದ್ದು ಆ ತರಗತಿಗೆ ಮುಗಿಯಿತು. ಎಲ್ಲರೂ ಓದಬಹುದಾದ ಜಾಗದಲ್ಲಿ ಬರೆದ ಉತ್ತರ ಹಾಗಲ್ಲ, ಅದನ್ನು ಮುಂದಿನ ವರ್ಷ ರಾಯಚೂರಿನಲ್ಲೋ ಚಾಮರಾಜನಗರದಲ್ಲೋ ಕುಳಿತ ಇನ್ನೊಬ್ಬರು ಹುಡುಕಿಕೊಂಡು ಬಂದು ಓದುತ್ತಾರೆ. ಅವರಿಗೆ ನಿಮ್ಮನ್ನು ಮರುಪ್ರಶ್ನೆ ಕೇಳುವ ಅವಕಾಶವಿರುವುದಿಲ್ಲ. ಕನ್ನಡದಲ್ಲಿ ಪದವಿ ಮಟ್ಟದ ಗಣಿತವನ್ನು ವಿವರಿಸಿದ ಬರಹ ಎಷ್ಟು ವಿರಳ ಎಂಬುದು ನಮಗೆಲ್ಲ ಗೊತ್ತು. ಆದ್ದರಿಂದ ಕೇಳಿದವರೊಡನೆ ಮಾತುಕತೆ ನಡೆಯುವಾಗ ಸುಳಿವು ಕೊಡುತ್ತಾ ಹೋಗಿ, ಮುಗಿದ ಮೇಲೆ ಕೆಳಗೆ ಪೂರ್ಣ ಉತ್ತರವನ್ನು ಬರೆದಿಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಗಣಿತ ಪ್ರಶ್ನೋತ್ತರಕ್ಕಾಗಿಯೇ 2010ರಲ್ಲಿ ಆರಂಭವಾದ ಮ್ಯಾಥಮ್ಯಾಟಿಕ್ಸ್ ಸ್ಟ್ಯಾಕ್ ಎಕ್ಸ್‌ಚೇಂಜ್ ತಾಣದಲ್ಲಿ, ಕೇಳುವವರು ತಾವು ಏನು ಪ್ರಯತ್ನಿಸಿದ್ದೇವೆ, ಎಲ್ಲಿ ನಿಂತಿದ್ದೇವೆ ಎಂಬ ಹಿನ್ನೆಲೆಯನ್ನು ಕೊಡದಿದ್ದರೆ ಪ್ರಶ್ನೆಯನ್ನು ಮುಚ್ಚುವ ಪದ್ಧತಿಯಿದೆ. ಅಲ್ಲಿ ಅದು ಅಗತ್ಯವಿರಬಹುದು. ನಮ್ಮಲ್ಲಿ ಕನ್ನಡದಲ್ಲಿ ಕೇಳುವ ಧೈರ್ಯ ಈಗಷ್ಟೇ ಮೂಡುತ್ತಿರುವಾಗ ಮುಚ್ಚುವುದಕ್ಕಿಂತ, ‘ನೀವು ಎಲ್ಲಿಯವರೆಗೆ ಬಂದಿರಿ’ ಎಂದು ಒಂದು ಸಾಲು ಕೇಳುವುದು ಮೇಲು.

ಫೋಟೊ ತೆಗೆದ ಕೂಡಲೇ ಉತ್ತರ ತೋರಿಸುವ ಆಪ್‌ಗಳು ಇಂದು ಎಲ್ಲರ ಫೋನಿನಲ್ಲಿಯೂ ಇರುವುದರಿಂದ, ಪೂರ್ತಿ ಉತ್ತರವನ್ನು ತಡೆಹಿಡಿದು ನಾವು ಕಾಪಾಡುವುದು ಹೆಚ್ಚೇನಿಲ್ಲ. ಮನುಷ್ಯರಿಂದ ಆಗಬೇಕಾದ ಕೆಲಸ ಬೇರೆಯಿದೆ. ಸೈನ್ ಎಕ್ಸ್ ಭಾಗಿಸು ಎಕ್ಸ್ ಎಂಬುದಕ್ಕೆ, ಎಕ್ಸ್ ಸೊನ್ನೆಯತ್ತ ಸಾಗಿದಾಗ ಇರುವ ಮಿತಿಯನ್ನು ತೆಗೆದುಕೊಳ್ಳಿ. ಅಂಶ ಮತ್ತು ಛೇದಗಳ ಅವಕಲನ (ಬದಲಾವಣೆಯ ದರ) ತೆಗೆದು ಮಿತಿ ಕಾಣುವ ಲೋಪಿತಾಲ್ ನಿಯಮ ಹಾಕಿದರೆ ಒಂದೇ ಸಾಲಿನಲ್ಲಿ 1 ಬರುತ್ತದೆ. ಆದರೆ ಆ ನಿಯಮವನ್ನು ಬಳಸಲು ಸೈನ್‌ನ ಅವಕಲನ ಗೊತ್ತಿರಬೇಕು, ಪಠ್ಯಪುಸ್ತಕ ಅದನ್ನು ಕಂಡುಹಿಡಿಯುವುದೇ ಈ ಮಿತಿಯ ಸಹಾಯದಿಂದ. ಉತ್ತರ ಸರಿಯಿದ್ದರೂ ವಾದ ತನ್ನ ಸುತ್ತಲೇ ತಿರುಗುತ್ತದೆ. ಅದೇ ಪ್ರಶ್ನೆಯಲ್ಲಿ ಒಬ್ಬ ವಿದ್ಯಾರ್ಥಿ, ಕ್ಯಾಲ್ಕುಲೇಟರಿನಲ್ಲಿ ತನಗೆ 1 ಬರುವುದಿಲ್ಲ, 0.01745 ಬರುತ್ತದೆ ಎಂದು ಹಟ ಹಿಡಿದಿದ್ದ. ಅವನು ಏನನ್ನು ಒತ್ತಿದ ಎಂದು ಕೇಳಿದ ಮೇಲೆಯೇ, ಕೋನ ಡಿಗ್ರಿಯಲ್ಲಿದೆ, ಅವನಿಗೆ ಸಿಕ್ಕಿರುವುದು π ಭಾಗಿಸು 180 ಎಂಬುದು ತಿಳಿಯಿತು. ಈ ಮಿತಿ 1 ಆಗುವುದು ರೇಡಿಯನ್‌ನಲ್ಲಿ ಅಳೆದಾಗ ಮಾತ್ರ. ಅವನ ಹಟದಿಂದಾಗಿ ರೇಡಿಯನ್ ಏಕೆ ಬೇಕು ಎಂಬ ವಿಷಯ ಅಲ್ಲಿದ್ದ ಎಲ್ಲರಿಗೂ ಸ್ಪಷ್ಟವಾಯಿತು.

ಈಗ ಅನುಗಮನದ ಪ್ರಶ್ನೆ. ಆ ವಿದ್ಯಾರ್ಥಿನಿಯ ಅನುಮಾನವನ್ನು ನಾನು ಗೌರವಿಸುತ್ತೇನೆ, ಪುಸ್ತಕಗಳು ‘ಎನ್ = ಕೆ ಆದಾಗ ಇದು ಸತ್ಯವೆಂದು ಭಾವಿಸೋಣ’ ಎಂದು ಬರೆದು ಮುಂದೆ ಓಡಿಬಿಡುವುದರಿಂದ ಹುಟ್ಟುವ ಅನುಮಾನ ಅದು. ಆಕೆಗೆ 1 + 3 + 5 + … + (2ಎನ್ − 1) = ಎನ್² ಎಂಬುದನ್ನು ತೋರಿಸಿ. ಮೊದಲ ಕೆ ಬೆಸಸಂಖ್ಯೆಗಳ ಮೊತ್ತ ಕೆ² ಆಗಿದ್ದರೆ, ಅದಕ್ಕೆ ಮುಂದಿನ ಬೆಸಸಂಖ್ಯೆ 2ಕೆ + 1 ಸೇರಿದಾಗ (ಕೆ + 1)² ಆಗುತ್ತದೆ. ಇಲ್ಲಿ ಕೆ² ಎಂಬುದು ಸತ್ಯವೆಂದು ಯಾರೂ ಘೋಷಿಸಿಲ್ಲ. ‘ಅದು ಸತ್ಯವಾದರೆ ಇದೂ ಸತ್ಯ’ ಎಂಬ ಕೊಂಡಿಯನ್ನು ಮಾತ್ರ ಸಾಧಿಸಿದ್ದೇವೆ. ಕೊಂಡಿ ಒಂದೇ ಸಾಲದು ಎಂಬುದು ಆಕೆಗೆ ಮನವರಿಕೆಯಾಗಬೇಕಾದರೆ, ಎನ್ = ಎನ್ + 1 ಎಂಬ ಹಸಿಸುಳ್ಳನ್ನು ಕೊಡಿ. ಕೆ = ಕೆ + 1 ಎಂದು ಒಪ್ಪಿಕೊಂಡು ಎರಡೂ ಬದಿಗೆ 1 ಕೂಡಿಸಿದರೆ ಕೆ + 1 = ಕೆ + 2 ಬರುತ್ತದೆ, ಕೊಂಡಿಯಲ್ಲಿ ಲೋಪವೇ ಇಲ್ಲ. ಆದರೆ 1 = 2 ಅಲ್ಲವಾದ್ದರಿಂದ ಆರಂಭವೇ ಸಿಗುವುದಿಲ್ಲ, ಮೊದಲ ಮೆಟ್ಟಿಲಿಗೇ ಹತ್ತಲಾಗದು.

ಹಾಗಾದರೆ ಹಲವು ಬೆಲೆಗಳಿಗೆ ಪರೀಕ್ಷಿಸಿ ನೋಡಿದರೆ ಸಾಕಲ್ಲವೇ ಎಂದು ಆಕೆ ಮುಂದೆ ಕೇಳಬಹುದು, ಕೇಳಿದರೆ ಒಳ್ಳೆಯದು. ಗಣಿತಜ್ಞ ಆಯ್ಲರ್ ಗಮನಕ್ಕೆ ತಂದ ಎನ್² + ಎನ್ + 41 ಎಂಬ ಉಕ್ತಿಯಲ್ಲಿ ಎನ್‌ಗೆ 0, 1, 2 ಎಂದು ಬೆಲೆ ಕೊಡುತ್ತಾ 39ರವರೆಗೆ ಹೋದರೂ ಪ್ರತಿ ಸಲವೂ ಅವಿಭಾಜ್ಯ ಸಂಖ್ಯೆಯೇ ಸಿಗುತ್ತದೆ. 40 ಕೊಟ್ಟಾಗ ಸಿಗುವುದು 1681, ಅದು 41ರ ವರ್ಗ. ಅಷ್ಟು ದೂರ ಪರೀಕ್ಷಿಸುವ ತಾಳ್ಮೆಯಿದ್ದವರಿಗೂ ಮೋಸವಾಗುತ್ತದೆ. ಕೊಂಡಿ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಬರೆದ ಉತ್ತರದಲ್ಲಿ ಲೋಪ ಕಂಡುಬಂದರೆ ಅದನ್ನು ಸದ್ದಿಲ್ಲದೆ ಅಳಿಸದೆ, ಏನು ತಿದ್ದಲಾಗಿದೆ ಎಂದು ಕೆಳಗೆ ಬರೆಯುವುದು ಅಗತ್ಯ. ಹಳೆಯ ರೂಪವನ್ನು ಆಗಲೇ ನಕಲು ಮಾಡಿಕೊಂಡು ಹೋದವರಿಗೆ ತಿಳಿಯಲು ಬೇರೆ ದಾರಿಯಿಲ್ಲ.

ಸಾಫ್ಟ್‌ವೇರ್ ಎಂಜಿನಿಯರ್, ವೈಟ್‌ಫೀಲ್ಡ್

ನಾನೂ ಬಿಡುವಿನಲ್ಲಿ ಎಂಜಿನಿಯರಿಂಗ್ ಗಣಿತದ ಪ್ರಶ್ನೆಗಳಿಗೆ ಉತ್ತರಿಸುತ್ತೇನೆ. ಬರವಣಿಗೆಯ ಬಗ್ಗೆ ಎರಡು ಮಾತು ಮಾತ್ರ ಸೇರಿಸುತ್ತೇನೆ.

ಫೋನಿನಲ್ಲಿ ಟೈಪ್ ಮಾಡುವಾಗ ಮಕ್ಕಳು 1/2ಎಕ್ಸ್ ಎಂದು ಬರೆಯುತ್ತಾರೆ. ಅದು ಎಕ್ಸ್‌ನ ಅರ್ಧವೋ, ಅಥವಾ 1ನ್ನು 2ಎಕ್ಸ್‌ನಿಂದ ಭಾಗಿಸಿದ್ದೋ ತಿಳಿಯುವುದಿಲ್ಲ. ಅನುಕಲನದ ಪ್ರಶ್ನೆಯಾಗಿದ್ದರೆ ಮೊದಲನೆಯದಕ್ಕೆ ಎಕ್ಸ್² ಭಾಗಿಸು 4 ಬರುತ್ತದೆ, ಎರಡನೆಯದಕ್ಕೆ ಲಾಗರಿದಮ್ ಬರುತ್ತದೆ. ಊಹಿಸಿ ಉತ್ತರ ಬರೆಯುವ ಮೊದಲು ಆವರಣ ಹಾಕಿ ಬರೆಯಲು ಹೇಳಿ, ಇಲ್ಲವೇ ಟಿಪ್ಪಣಿ ಪುಸ್ತಕದ ಪುಟದ ಫೋಟೊ ಕೇಳಿ. ಫೋಟೊದಿಂದ ಇನ್ನೊಂದು ಲಾಭವೂ ಇದೆ, ಹೊಡೆದು ಹಾಕಿದ ಸಾಲುಗಳು ಅದರಲ್ಲಿ ಕಾಣಿಸುತ್ತವೆ, ಯೋಚನೆ ಎಲ್ಲಿ ತಿರುಗಿತು ಎಂಬುದನ್ನು ಅವು ಹೇಳುತ್ತವೆ. ಆದರೆ ಆ ಪುಟದಲ್ಲಿ ಹೆಸರು, ಕಾಲೇಜು, ನೋಂದಣಿ ಸಂಖ್ಯೆ ಇದ್ದರೆ ಮುಚ್ಚಿ ಕಳುಹಿಸಬೇಕೆಂದು ಮೊದಲೇ ತಿಳಿಸಿ. ಕೇಳುವವರಲ್ಲಿ ಹಲವರು 18 ವರ್ಷ ತುಂಬದವರು ಎಂಬುದನ್ನು ನಾವು ಮರೆಯುವಂತಿಲ್ಲ.

ಎಂ.ಎಸ್ಸಿ. ಗಣಿತ ವಿದ್ಯಾರ್ಥಿನಿ, ಬೆಂಗಳೂರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಕಾರಣವನ್ನು ಮುಚ್ಚಿಡಬೇಡಿ ಎಂಬ ಮಾತು ನಾನು ಹುಡುಕುತ್ತಿದ್ದ ಅಳತೆಯನ್ನು ಕೊಟ್ಟಿದೆ. ಯಲಹಂಕದ ತಮ್ಮ ಹೇಳಿದಂತೆ, ಪೂರ್ತಿ ಬಿಡಿಸಿಕೊಡಿ ಎನ್ನುವವರಿಗೆ ಅದೇ ಜಾತಿಯ ಬೇರೆ ಲೆಕ್ಕವನ್ನು ಬಿಡಿಸಿ ತೋರಿಸುತ್ತೇನೆ. ಪೂರ್ಣ ಉತ್ತರವನ್ನು ಕೊನೆಯಲ್ಲಿ ಬರೆದಿಡುವ ಸಲಹೆಯನ್ನೂ ಒಪ್ಪುತ್ತೇನೆ. ಆದರೆ ಒಪ್ಪಿಸುವ ದಿನ ಕಳೆಯುವವರೆಗೆ ಅಸೈನ್‌ಮೆಂಟಿನ ಲೆಕ್ಕಗಳಿಗೆ ಹಾಗೆ ಮಾಡುವುದಿಲ್ಲ, ಏಕೆಂದರೆ ಅದು ತಾನೇ ಕುಳಿತು ಮಾಡಿದ ವಿದ್ಯಾರ್ಥಿಗೆ ಅನ್ಯಾಯವಾಗುತ್ತದೆ.

ಆ ಹುಡುಗನಿಗೆ ಬರೆಯಲಿರುವ ಉತ್ತರದ ಕರಡನ್ನು ಇಲ್ಲಿ ಇಡುತ್ತೇನೆ, ದಯವಿಟ್ಟು ಯಾರಾದರೂ ತಿದ್ದಿಕೊಡಿ.

“ನಿನ್ನ ಯಾವ ಸಾಲೂ ತಪ್ಪಿಲ್ಲ. ನೀನು ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಬಂದೆ, ಅಂದರೆ ಮೂಲವಿದ್ದರೆ ಅದು 2 ಅಥವಾ −1 ಎಂದು ತೋರಿಸಿದೆ. ಈಗ ಕೆಳಗಿನಿಂದ ಮೇಲಕ್ಕೆ ಹೋಗಲು ಪ್ರಯತ್ನಿಸು. ಎಕ್ಸ್ + 2 = ಎಕ್ಸ್² ಎಂಬಲ್ಲಿಂದ √(ಎಕ್ಸ್ + 2) = ಎಕ್ಸ್ ಎಂದು ಬರೆಯಬಹುದೇ? ಎಕ್ಸ್‌ಗೆ 2 ಕೊಟ್ಟು ನೋಡು, −1 ಕೊಟ್ಟು ನೋಡು. ಎರಡನೆಯದರಲ್ಲಿ ದಾರಿ ಎಲ್ಲಿ ಕಡಿಯುತ್ತದೆ ಎಂದು ನನಗೆ ಬರೆದು ತಿಳಿಸು. ಆಮೇಲೆ −√(ಎಕ್ಸ್ + 2) = ಎಕ್ಸ್ ಎಂಬುದನ್ನು ಬಿಡಿಸು. ಇನ್ನು ಮುಂದೆ ವರ್ಗ ಮಾಡಿದಾಗಲೆಲ್ಲ ಸಿಕ್ಕ ಬೆಲೆಗಳನ್ನು ಮೊದಲಿನ ಸಮೀಕರಣದಲ್ಲಿ ಆದೇಶಿಸಿ ನೋಡಬೇಕು.”

ಇದಕ್ಕೆ ಅವನ ಉತ್ತರ ಬಂದ ಮೇಲೆ √(ಎಕ್ಸ್ + 6) = −ಎಕ್ಸ್ ಎಂಬುದನ್ನು ಕೊಡುವ ಯೋಚನೆಯಿದೆ.

ನಿವೃತ್ತ ಪಿಯು ಉಪನ್ಯಾಸಕ, ಬಸವನಗುಡಿ

ಕರಡು ಚೆನ್ನಾಗಿದೆ. ಅಸೈನ್‌ಮೆಂಟಿನ ಬಗ್ಗೆ ನೀವು ತೆಗೆದುಕೊಂಡ ನಿಲುವೂ ನನಗೆ ಒಪ್ಪಿಗೆ. ಕೊನೆಯ ವಾಕ್ಯದಲ್ಲಿ ಮಾತ್ರ ಒಂದು ಬದಲಾವಣೆ ಮಾಡಿ. ಆದೇಶಿಸಿ ನೋಡಬೇಕು ಎಂದು ಬಿಟ್ಟರೆ ಅದೂ ಒಂದು ಕಟ್ಟಳೆಯಾಗಿ ಉಳಿಯುತ್ತದೆ, ಅವನು ಕೇಳಿದ ‘ಏಕೆ’ ಎಂಬುದು ಅರ್ಧಕ್ಕೆ ನಿಲ್ಲುತ್ತದೆ.

√ ಚಿಹ್ನೆ ಸೂಚಿಸುವುದು ಋಣವಲ್ಲದ ವರ್ಗಮೂಲವನ್ನು. ಆದ್ದರಿಂದ √(ಎಕ್ಸ್ + 2) = ಎಕ್ಸ್ ಎಂದು ಬರೆದಾಗಲೇ ಎಕ್ಸ್ ಸೊನ್ನೆ ಅಥವಾ ಅದಕ್ಕಿಂತ ಹೆಚ್ಚು ಎಂಬ ಷರತ್ತು ಅದರೊಳಗೆ ಇದೆ. ಆ ಷರತ್ತನ್ನು ಮೊದಲ ಸಾಲಿನಲ್ಲೇ ಪಕ್ಕಕ್ಕೆ ಬರೆದುಕೊಂಡು ಕೊನೆಯವರೆಗೆ ಜೊತೆಯಲ್ಲಿ ಇಟ್ಟುಕೊಂಡರೆ, ವರ್ಗ ಮಾಡಿದ ಸಾಲಿನಿಂದ ಹಿಂದಕ್ಕೂ ಹೋಗಬಹುದು, ಏಕೆಂದರೆ ಋಣವಲ್ಲದ ಎರಡು ಸಂಖ್ಯೆಗಳ ವರ್ಗಗಳು ಸಮವಾದರೆ ಆ ಸಂಖ್ಯೆಗಳೂ ಸಮವೇ. ಆಗ −1 ಷರತ್ತಿನಿಂದಲೇ ಹೊರಗುಳಿಯುತ್ತದೆ, 2 ಉಳಿಯುತ್ತದೆ, ಆದೇಶಿಸಿ ನೋಡುವುದು ಕೈತಪ್ಪಿಗೆ ಕಾವಲಾಗಿ ಮಾತ್ರ ಬೇಕಾಗುತ್ತದೆ. √(ಎಕ್ಸ್ + 6) = −ಎಕ್ಸ್ ಎಂಬಲ್ಲಿ ಷರತ್ತು ತಿರುಗಿ, ಎಕ್ಸ್ ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಎಂದಾಗುತ್ತದೆ. ಈ ಷರತ್ತನ್ನು ನೀವು ಹೇಳಬೇಡಿ, ಅದನ್ನು ಅವನೇ ಬರೆದು ಕಳುಹಿಸಲಿ.